ಚಿಪ್ಪಿನ ಹುಳ ಮತ್ತು ನನ್ನ ನೆಗೆಣ್ಣಿ

ಬಿಳೂರಿನ ನಮ್ಮ ಮನೆಯಲ್ಲಿ ವಿಜ್ಞಾನ ಓದಿದವಳು ನಾನೊಬ್ಬಳೇ. ವಿಜಯಪುರದಲ್ಲಿ ಬಿ.ಎಸ್ಸಿ. ಮುಗಿಸಿ ಹಿರಿಯ ಸೊಸೆಯಾಗಿ ಬಂದ ಮೇಲೆ, ಎಮ್ಮೆಯ ಕೆಚ್ಚಲು ಬಾತರೂ ಬಾವಿಯ ನೀರು ಸವಳಾದರೂ ಮಾವ ಮೊದಲು ಕೇಳುತ್ತಿದ್ದುದು ನನ್ನನ್ನೇ. ಆ ಮಾನ ನನಗೆ ಎಷ್ಟು ಬೇಕಾಗಿತ್ತೆಂಬುದು ಮೈದುನನ ಹೆಂಡತಿ ಬರುವವರೆಗೆ ನನಗೇ ಗೊತ್ತಿರಲಿಲ್ಲ. ಅವಳ ತವರು ದರಿಬಡಚಿ. ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಕುರಿಗಳ ಹಿಂದೆ ತಿರುಗಿದವಳು.

ಹೋದ ಚಳಿಗಾಲದಲ್ಲಿ ನಮ್ಮ ದಾಳಿಂಬೆಯ ಎಲೆಗಳ ಮೇಲೆ ಮಸಿ ಕೂತಿತು. ಟೊಂಗೆಗಳ ತುಂಬ ಕಂದು ಹುರುಪೆ, ಅಲ್ಲಲ್ಲಿ ಇರುವೆ. ಮಾವ ಒಂದು ಟೊಂಗೆ ಮುರಿದು ತಂದು ಪಡಸಾಲೆಯಲ್ಲಿ ನನ್ನ ಮುಂದಿಟ್ಟರು.

"ಇದೇನೈತಿ ನೋಡವಾ."

ನಾನು ಭೂತಗನ್ನಡಿ ಹಿಡಿದು ನೋಡಿದೆ. "ಚಿಪ್ಪಿನ ಹುಳಾರಿ. ರಸಾ ಹೀರಿ ಸೀನೀರ ಬಿಡ್ತೈತಿ. ಅದಕ್ಕ ಈ ಮಸಿ, ಈ ಇರಿವಿ."

ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನೆಗೆಣ್ಣಿ ಕೈ ಒರೆಸಿಕೊಂಡು ಬಂದಳು. ತಲೆಯ ಪಿನ್ನು ತೆಗೆದು ಎರಡು ಹುರುಪೆಗಳನ್ನು ಮೀಟಿದಳು.

"ಅಕ್ಕಾರ, ಇವು ಎರಡ ನಮೂನಿ ಅದಾವ್ರಿ. ಇದನ್ನ ಎತ್ತಿದ್ರ ಹುಳಾ ಚಿಪ್ಪಿನ ಕೂಡನ ಬರ್ತೈತಿ. ಇದರದ ಚಿಪ್ಪ ಅಷ್ಟ ಬಂತು, ಹುಳಾ ತೊಗಟಿಗೇ ಉಳೀತು. ಇದರ ಕಡೆ ಇರಿವಿನೂ ಬಂದಿಲ್ಲ."

"ನಿನಗ ಹ್ಯಾಂಗ ತಿಳೀತು?" ಎಂದರು ಮಾವ.

"ಕುರಿ ಕಿವ್ಯಾಗಿನ ಉಣ್ಣಿ ತಗದು ರೂಢಿರಿ."

ಮಾವ ನಕ್ಕರು. ಅಂಥ ನಗೆ ಅವರು ನನ್ನ ಪದವಿಗೆ ನಕ್ಕಿರಲಿಲ್ಲ. ಅವಳು ಹೇಳಿದ್ದು ಸರಿ ಎಂದು ನನಗೆ ತಕ್ಷಣ ತಿಳಿಯಿತು. ಕಾಲೇಜಿನಲ್ಲಿ ಇದನ್ನೇ ಬರೆದುಕೊಂಡಿದ್ದೆ, ಮರೆತಿದ್ದೆ.

ವಿಜಯಪುರದ ಕಾಲೇಜಿನಲ್ಲಿ ನನಗೆ ಕಲಿಸಿದ ಪ್ರಾಧ್ಯಾಪಕಿ ಬಾಯಿಯವರಿಗೆ ಟೊಂಗೆ ಕಳಿಸಿ ಕೇಳೋಣ ಎಂದು ನಾನೇ ಅಂದೆ. ನೆಗೆಣ್ಣಿ ಎರಡೂ ಬಗೆಯ ಟೊಂಗೆಗಳನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ನನ್ನ ಕೈಗೆ ಕೊಟ್ಟಳು. ನಾನು ಇರುವೆ ಬಂದಿದ್ದ ಟೊಂಗೆಯನ್ನಷ್ಟೇ ಕಳಿಸಿದೆ. ಇನ್ನೊಂದನ್ನು ಒಲೆಗೆ ಹಾಕಿದೆ.

ನಾನು ಹೇಳಿದ ಹುಳವೇ ಎಂದು ಉತ್ತರ ಬಂತು. ಅದಕ್ಕೆ ತಕ್ಕ ಔಷಧ ಹೊಡೆದೆವು. ಮಸಿ ಇಳಿಯಿತು. ಆದರೆ ಬಾವಿಯ ಬದಿಯ ಸಾಲು ಒಣಗುತ್ತಲೇ ಹೋಯಿತು.

"ಬಾಯಾರು ಇನ್ನೊಂದರ ಬಗ್ಗೆ ಏನೂ ಬರದಿಲ್ಲೇನ್ರಿ?" ಎಂದಳು ನೆಗೆಣ್ಣಿ ಒಂದು ದಿನ.

"ಎರಡೂ ಒಂದ ಅಂತ. ನಿನ್ನ ಕಣ್ಣ ತಪ್ಪಿತು."

"ಇರಬೇಕ್ರಿ," ಎಂದಳು. ಮುಂದೆ ಯಾವ ಗಿಡದ ಬಗ್ಗೆಯೂ ಬಾಯಿ ಬಿಡಲಿಲ್ಲ. ನಾನು ಗೆದ್ದಿದ್ದೆ, ಆದರೂ ಊಟ ರುಚಿಸುತ್ತಿರಲಿಲ್ಲ.

ಆ ಸಾಲಿನ ಹನ್ನೊಂದು ಗಿಡಗಳನ್ನು ಕಡಿದ ಮರುದಿನ, ಉಳಿದದ್ದರಿಂದ ಒಂದು ಟೊಂಗೆ ಕತ್ತರಿಸಿಕೊಂಡು ವಿಜಯಪುರದ ಬಸ್ಸು ಹತ್ತಿದೆ. ಬಾಯಿಯವರು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಇದು ಬ್ಯಾರೇನ ಕುಟುಂಬದ್ದು. ಜಾತಿ ಯಾವುದು ಅನ್ನಲಿಕ್ಕೆ ಹೆಣ್ಣುಹುಳಾನ ಗಾಜಿನ ಮ್ಯಾಲ ಇಟ್ಟು ನೋಡಬೇಕು. ಬರಿಗಣ್ಣಿಲೆ ಯಾರು ಗುರುತು ಹಿಡಿದ್ರು?"

'ನಾನು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನನ್ನ ನೆಗೆಣ್ಣಿರಿ. ಸಾಲಿ ಅರ್ಧಕ್ಕ ಬಿಟ್ಟಾಳ," ಎಂದೆ. ಆ ಕೊನೆಯ ಮಾತು ಬೇಕಿರಲಿಲ್ಲ.

ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದೆ, ಸುಟ್ಟದ್ದನ್ನೂ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಗಿಡಾ ಏನ ಮಾಡಿದ್ವರಿ ನಿಮಗ?" ಎಂದಷ್ಟೇ ಕೇಳಿದಳು. ಮಾವನಿಗೂ ನಾನೇ ಹೇಳಬೇಕಾಯಿತು. ಅವರು ಎದ್ದು ಹೊಲದ ಕಡೆ ನಡೆದರು.

ಅವಳ ಕಣ್ಣಿನ ಸುದ್ದಿ ಹಬ್ಬಿ, ಈಗ ತಿಕೋಂಡಿ ಊರಿನಿಂದಲೂ ಜನ ಟೊಂಗೆ ಹಿಡಿದು ಬರುತ್ತಾರೆ. "ಸಣ್ಣ ಸೊಸಿ ಅದಾಳೇನ್ರಿ?" ಎಂದು ನನ್ನನ್ನೇ ಕೇಳುತ್ತಾರೆ. ಅವಳನ್ನು ಕರೆಯುತ್ತೇನೆ. ಕರೆಯುವ ಮುನ್ನ ಒಂದು ಗಳಿಗೆ ತಡವಾಗುವುದು ಇನ್ನೂ ನಿಂತಿಲ್ಲ.