ಎರಡಂಗುಲದ ಚುಕ್ಕಿ

ತ್ರಿಪ್ಲಿಕೇನಿನ ನಮ್ಮ ಡಿಟಿಪಿ ಅಂಗಡಿಯಲ್ಲಿ ಅದು ಊಟ ಮುಗಿದ ಮಂಪರಿನ ಹೊತ್ತು. ಮಂಡಿನೋವಿಂದ ರಂಗೋಲಿ ಹಾಕೋದು ನಿಲ್ಲಿಸಿದ್ದ ಪಂಕಜಮ್ಮನವರು, ಮರೆಯುವ ಮೊದಲು ತಮ್ಮ ರಂಗೋಲಿಗಳೆಲ್ಲ ಪುಸ್ತಕವಾಗಲಿ ಅಂತ ನನ್ನ ಪಕ್ಕ ಕೂತಿದ್ದರು. ಪರದೆ ಆಗತಾನೇ ನೀರು ಚಿಮುಕಿಸಿದ ಅಂಗಳದ ಹಾಗೆ ಖಾಲಿಯಿತ್ತು.

“ಚುಕ್ಕಿಗೂ ಚುಕ್ಕಿಗೂ ಎರಡಂಗುಲ ಬಿಡು.”

ಹಳೆಯ ಅಂಗುಲವೆಂದರೆ ಒಂದು ಬೆರಳಗಲ, ಸುಮಾರು ಮುಕ್ಕಾಲು ಇಂಚು. ನಮ್ಮ ಡಿಟಿಪಿ ಅಳತೆಯಲ್ಲಿ ಇಂಚಿಗೆ ಎಪ್ಪತ್ತೆರಡು ಪಾಯಿಂಟು. ನೂರೆಂಟು ಪಾಯಿಂಟು ಕೊಟ್ಟೆ. ಚುಕ್ಕಿಗಳು ನಿದ್ದೆಯಲ್ಲಿ ಬಂದಂತೆ ಸದ್ದಿಲ್ಲದೆ ಸಾಲಾಗಿ ನಿಂತವು. ಪ್ರಿಂಟ್ ತೆಗೆದುಕೊಟ್ಟಾಗ ಅವರು ಚುಕ್ಕಿಗಳ ನಡುವೆ ಎರಡು ಬೆರಳಿಟ್ಟು ನೋಡಿದರು.

“ಜಾಸ್ತಿಯಾಯ್ತಪ್ಪ. ಇದು ಯಾರ ಬೆರಳು?”

“ಯಾರದೂ ಅಲ್ಲಮ್ಮ, ಲೆಕ್ಕ. ನಿಮ್ಮ ಬೆರಳನ್ನೇ ಅಳೆಯಲಾ?”

“ನಂದ್ಯಾಕೆ? ನಮ್ಮಮ್ಮ ಹಾಕಿದಾಗ ಅವಳ ಬೆರಳು, ನಾನು ಹಾಕಿದಾಗ ನಂದು. ಈಗ ಚುಕ್ಕಿ ಇಡ್ತಿರೋದು ನೀನು ತಾನೆ?”

ಫ್ಯಾನು ಗುಂಯ್‌ಗುಡುತ್ತಿತ್ತು. ಜೀವಮಾನದಲ್ಲಿ ರಂಗೋಲಿ ಮುಟ್ಟದ ನನ್ನೆರಡು ಬೆರಳನ್ನು ಸ್ಕೇಲಿನ ಮೇಲಿಟ್ಟೆ. ನೂರಾ ಎರಡು ಪಾಯಿಂಟು.

ಪುಸ್ತಕ ಬಂದಿದೆ. ಹೊರಗೆ ಅವರ ಹೆಸರು, ಒಳಗೆಲ್ಲ ನನ್ನ ಬೆರಳು. ಮನೆಯಲ್ಲಿ ಮಾತ್ರ ಹೇಳಿಲ್ಲ. ನಾಳೆಯಿಂದ ಬಾಗಿಲಿಗೆ ನೀವೇ ಹಾಕಿ ಅಂದುಬಿಟ್ಟಾಳು ಹೆಂಡತಿ.