ಕೋಟ್ ಮಾಸ್ಟರ್ ತಲೆಯ ಹೊಟ್ಟು

ನಮ್ಮ ಅಂಗಡಿಯಲ್ಲಿ ಹೊಲಿಯುವುದು ಕಪ್ಪು ಕೋಟು ಮಾತ್ರ. ವಕೀಲರು, ಹೋಟೆಲಿನ ಮ್ಯಾನೇಜರುಗಳು, ಬ್ಯಾಂಡಿನವರು ಎಲ್ಲ ಇಲ್ಲಿಗೇ ಬರುತ್ತಾರೆ. ಕೋಟ್ ಮಾಸ್ಟರ್ ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಾರೆ, ನಾನು ಕಾಜಾ ಮಾಡಿ ಗುಂಡಿ ಹೊಲಿಯುತ್ತೇನೆ. ಹತ್ತೊಂಬತ್ತು ವರ್ಷದಿಂದ ಅವರ ಎದುರಿಗೇ ನನ್ನ ಸ್ಟೂಲು. ನಾನು ನೋಡಿದಷ್ಟು ಹೊತ್ತು ಅವರನ್ನು ಅವರ ಹೆಂಡತಿಯೂ ನೋಡಿರಲಿಕ್ಕಿಲ್ಲ.

ಅವರಿಗೊಂದು ಚಟ. ಬಟ್ಟೆಯ ಮೇಲೆ ಎಲ್ಲೇ ಒಂದು ಎಳೆ ಎದ್ದಿರಲಿ, ಕೈ ಸುಮ್ಮನಿರದು. ಕಚ್ಚಾ ಹೊಲಿಗೆಯ ದಾರ ಬಿಚ್ಚಲೆಂದು ಬಲಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದರು. ಆ ಉಗುರಿನಿಂದ ಎಳೆ ಕಿತ್ತ ಮೇಲೆಯೇ ಮುಂದಿನ ಮಾತು. ಯಾರದೋ ವಿಳಾಸ ಕೇಳಲು ಬಂದ ಪೊಲೀಸಿನವನ ತೋಳಿನಿಂದಲೂ ಒಮ್ಮೆ ದಾರ ಕಿತ್ತ ಪುಣ್ಯಾತ್ಮರು.

ಐವತ್ತೆರಡನೇ ವಯಸ್ಸಿಗೆ ಅವರ ತಲೆ ಸುಲಿಯತೊಡಗಿತು. ಪುಡಿಪುಡಿ ಹೊಟ್ಟಲ್ಲ, ಈರುಳ್ಳಿಯ ಒಣ ಸಿಪ್ಪೆಯಂಥ ಹಕ್ಕಳೆ. ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ಚರ್ಮ ಕೆಂಪಾಗಿತ್ತು. ಬೇರೆ ಕಸುಬಿನವರಾಗಿದ್ದರೆ ಹೇಗೋ ನಡೆಯುತ್ತಿತ್ತು. ಕಪ್ಪು ಬಟ್ಟೆಯ ಮೇಲೆ ಬಗ್ಗಿ ಕೆಲಸ ಮಾಡುವವರು ಇದನ್ನು ಎಲ್ಲಿ ಮುಚ್ಚಿಡಬೇಕು? ಮೊದಲು ನಾವೆಲ್ಲ ತಪ್ಪನ್ನು ಗುರುತು ಹಾಕುವ ಸೀಮೆಸುಣ್ಣದ ತಲೆಗೆ ಕಟ್ಟಿದೆವು. ಮಾಸ್ಟರ್ ಅದನ್ನು ಬಿಟ್ಟು ಸೋಪಿನ ಚೂರು ಹಿಡಿದರು. ಬಿಳಿ ಉದುರುವುದು ನಿಲ್ಲಲಿಲ್ಲ.

ಆಮೇಲೆ ಕಂಡವರೆಲ್ಲ ವೈದ್ಯರಾದರು. ಎಣ್ಣೆ ಸಾಲದು ಎಂದು ಅವರ ಹೆಂಡತಿ ತಲೆ ತೊಯ್ಯುವಷ್ಟು ಸುರಿದರು. ಎಣ್ಣೆಯೇ ಹೆಚ್ಚಾಯಿತೆಂದು ನಮ್ಮ ಅಂಗಡಿಯ ಇಸ್ತ್ರಿಯವನು ಸುಡುನೀರಿನಲ್ಲಿ ತೊಳೆಯಲು ಹೇಳಿದ. ನಿಂಬೆಹಣ್ಣು ಉಜ್ಜಿ ಎಂದವಳು ನಾನೇ. ಹಸಿ ಚರ್ಮಕ್ಕೆ ನಿಂಬೆರಸ ತಾಗಿ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೆನೆದರೆ ನನಗೆ ಈಗಲೂ ನಾಚಿಕೆ. ಸಲಹೆ ಕೊಟ್ಟ ಅದೇ ಇಸ್ತ್ರಿಯವನು ತನ್ನ ಟವೆಲನ್ನು ಅವರ ಟವೆಲಿನ ಪಕ್ಕದ ಮೊಳೆಯಿಂದ ತೆಗೆದು ದೂರ ನೇತುಹಾಕಿಕೊಂಡ. ಮಾಸ್ಟರ್ ಅದನ್ನು ನೋಡಿಯೂ ನೋಡದಂತಿದ್ದರು.

ಒಂದು ದಿನ ಹೊಸ ಕೋಟು ತೊಟ್ಟು ನೋಡುತ್ತಿದ್ದ ವಕೀಲನೊಬ್ಬ ಭುಜ ಕೊಡವಿಕೊಂಡು ಅಂಗಡಿಯ ಯಜಮಾನಿಯ ಮುಖ ನೋಡಿದ. ಸಂಜೆ ಯಜಮಾನಿ ಮಾಸ್ಟರನ್ನು ಕರೆದಳು.

"ತಪ್ಪು ತಿಳ್ಕೋಬೇಡಿ ಮಾಸ್ಟರ್. ಸ್ವಲ್ಪ ದಿನ ಒಳಗಡೆ ಕೂತು ಅಸ್ತರು ಕತ್ತರಿಸಿ. ಮೂರು ತಿಂಗಳು ನೋಡ್ತೀನಿ. ಆಮೇಲೂ ಹಿಂಗೇ ಇದ್ರೆ ಮುಂದಿನ ಮೇಜಿಗೆ ಬೇರೆಯವರನ್ನ ತರಬೇಕಾಗತ್ತೆ."

ಕೋಟಿನ ಒಳಮೈಗೆ ಹಾಕುವ ಅಸ್ತರು ಕತ್ತರಿಸುವುದು ಹೊಸಬರ ಕೆಲಸ. ಮುಂದಿನ ಮೇಜು, ಗಿರಾಕಿಯ ಭುಜದ ಮೇಲೆ ಕೈಯಿಟ್ಟು ಅಳತೆ ತೆಗೆಯುವುದು, ಅದೇ ಮಾಸ್ಟರ್ ಬದುಕು. ಅವರು ಕತ್ತರಿ ತೆಗೆದುಕೊಂಡು ಒಳಗೆ ಹೋದರು. ಒಳಗೆ ಬೆಳಕು ಸಾಲದಿದ್ದರೂ ನಾನೂ ಸ್ಟೂಲು ಎತ್ತಿಕೊಂಡು ಹಿಂದೆಯೇ ಹೋದೆ.

ಆ ವಾರ ಅವರನ್ನು ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದವಳೂ ನಾನೇ. ಅವರ ಹೆಂಡತಿಗೆ ಮಂಡಿನೋವು, ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದು. ಡಾಕ್ಟರಮ್ಮ ಅವರ ತಲೆಯನ್ನು ಬರಿಗೈಯಲ್ಲೇ ಬಿಡಿಸಿ ಬಿಡಿಸಿ ನೋಡಿದರು.

"ಇದು ಸೋರಿಯಾಸಿಸ್. ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಚರ್ಮ ಅವಸರವಸರವಾಗಿ ಬೆಳೆದು ಪದರ ಪದರ ಏಳತ್ತೆ, ಅಷ್ಟೇ. ಆದ್ರೆ ಇಲ್ಲಿ ಗಾಯಗಳಿವೆಯಲ್ಲ. ಹಕ್ಕಳೆ ಕೀಳ್ತೀರಾ?"

"ಇಲ್ಲಮ್ಮ," ಎಂದರು ಮಾಸ್ಟರ್. ಸುಳ್ಳು ಹೇಳುವವರಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಬಟ್ಟೆಯ ಮೇಲಿನ ಎಳೆ ಕೀಳುವ ಹಾಗೆಯೇ ಅವರು ತಲೆಯ ಹಕ್ಕಳೆಯನ್ನೂ ಕೀಳುತ್ತಿದ್ದರು. ಕಣ್ಣು ಬಟ್ಟೆಯ ಮೇಲೆ, ಹೆಬ್ಬೆರಳಿನ ಉಗುರು ಕಿವಿಯ ಹಿಂದೆ. ಎರಡು ವರ್ಷದಿಂದ ಎದುರಿಗೇ ಕೂತು ನೋಡುತ್ತಿದ್ದೆ. ಹೇಳಿದರೆ ಅವರಿಗೆ ಅವಮಾನವಾದೀತೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಎಂಥ ಮರ್ಯಾದೆ ನನ್ನದು!

"ಕೀಳ್ತಾರೆ ಡಾಕ್ಟ್ರೇ. ದಿನಾ ಕೀಳ್ತಾರೆ," ಎಂದೆ.

ಮಾಸ್ಟರ್ ನನ್ನ ಕಡೆ ತಿರುಗಿ, "ನೀನು ನೋಡ್ತಿದ್ದೆಯಾ?" ಎಂದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು. ಕಿತ್ತಷ್ಟೂ ಚರ್ಮಕ್ಕೆ ಗಾಯ, ಗಾಯವಾದಷ್ಟೂ ಕಾಯಿಲೆ ಜೋರು. ಹಕ್ಕಳೆ ಮೆತ್ತಗಾಗಲು ಒಂದು ಲೋಷನ್ನು. ಟಾರ್ ಎಂಬ ಔಷಧಿಯ ಶಾಂಪೂ ಹಚ್ಚಿ ಐದು ನಿಮಿಷ ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಉರಿ ತಗ್ಗಿಸುವ ಇನ್ನೊಂದು ಔಷಧಿ ಕೆಲವೇ ವಾರ, ಹೇಳಿದಷ್ಟೇ ದಿನ. ನಿಂಬೆಹಣ್ಣು ಅಡುಗೆಮನೆಯಲ್ಲೇ ಇರಲಿ ಎಂದಾಗ ನಾನು ನೆಲ ನೋಡಿದೆ.

"ಪೂರ್ತಿ ವಾಸಿಯಾಗತ್ತಾ?" ಮಾಸ್ಟರ್ ಕೇಳಿದರು.

"ಹತೋಟಿಯಲ್ಲಿ ಇರತ್ತೆ. ಆಗಾಗ ಬಂದು ಹೋಗತ್ತೆ. ಮೊದಲು ಆ ಉಗುರು ತೆಗೀರಿ."

ಅಂಗಡಿಗೆ ಬಂದವರೇ ಮಾಸ್ಟರ್ ಇಪ್ಪತ್ತೈದು ವರ್ಷದ ಉಗುರನ್ನು ಕಾಜಾ ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದರು. ಆಮೇಲೆ ನನಗೆ ಹೇಳಿದರು: "ಕೈ ತಲೆಗೆ ಹೋದಾಗೆಲ್ಲ ನೀನು ಹೇಳಬೇಕು. ಇನ್ನು ಮರ್ಯಾದೆ ಗಿರ್ಯಾದೆ ಬೇಡ."

ಕೂಗಿ ಹೇಳುವ ಬದಲು ನಾನು ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ತಗಡಿನ ಬೆರಳಟ್ಟೆಯಿಂದ ಮೇಜು ಕುಟ್ಟತೊಡಗಿದೆ. ಟಕ್ ಎಂದರೆ ಕೈ ಕೆಳಗೆ. ಮೊದಲ ದಿನ ಗುಂಡಿ ಹೊಲಿದದ್ದಕ್ಕಿಂತ ಮೇಜು ಕುಟ್ಟಿದ್ದೇ ಹೆಚ್ಚು. ಬಡಗಿ ಅಂಗಡಿ ಯಾವಾಗ ತೆರೆದಿರಿ ಎಂದು ಇಸ್ತ್ರಿಯವನು ಹಲ್ಲು ಕಿಸಿದ. ತಿಂಗಳು ಕಳೆಯುವ ಹೊತ್ತಿಗೆ ದಿನಕ್ಕೆ ಐದಾರು ಸಲಕ್ಕೆ ಇಳಿಯಿತು. ಎರಡೂವರೆ ತಿಂಗಳಿಗೆ ಒಂದು ಇಡೀ ಮಧ್ಯಾಹ್ನ ನನ್ನ ಬೆರಳಟ್ಟೆಗೆ ಕೆಲಸವೇ ಇರಲಿಲ್ಲ. ಗಾಯಗಳು ಮಾಯ್ದವು, ಕೆಂಪು ಇಳಿಯಿತು. ಹೊಟ್ಟು ಪೂರ್ತಿ ಹೋಗಲಿಲ್ಲ, ತೀರಾ ಕಡಿಮೆಯಾಯಿತು.

ಮೂರು ತಿಂಗಳು ತುಂಬಿದ ದಿನ ಯಜಮಾನಿ ಬಂದು ಅವರ ಭುಜ, ಮೇಜು ಎಲ್ಲ ನೋಡಿದಳು. "ಒಬ್ಬರು ಬಂದಿದ್ದಾರೆ, ಅಳತೆ ತಗೊಳ್ಳಿ. ನೋಡೋಣ," ಎಂದಳು. ಆ 'ನೋಡೋಣ' ನನಗೆ ಹಿಡಿಸಲಿಲ್ಲ.

ಬಂದಾಕೆ ಹೊಸದಾಗಿ ವಕೀಲಿಕೆ ಶುರುಮಾಡಿದ ಹುಡುಗಿ. ತನ್ನ ಹಳೆಯ ಕೋಟು ತೊಟ್ಟೇ ನಿಂತಿದ್ದಳು. ಮಾಸ್ಟರ್ ಟೇಪು ಹಿಡಿದು ಅವಳ ತೋಳಿನ ಮೇಲೆ ಬಗ್ಗಿದಾಗ ಒಂದು ಬಿಳಿ ಹಕ್ಕಳೆ ಉದುರಿ ಆ ಕಪ್ಪು ತೋಳಿನ ಮೇಲೆ ಕೂತಿತು. ಹುಡುಗಿ ನೋಡಿದಳು. ಯಜಮಾನಿಯೂ ನೋಡಿದಳು.

ಮಾಸ್ಟರ್ ನೆಟ್ಟಗೆ ನಿಂತರು. "ಅದು ನನ್ನ ತಲೆಯದಮ್ಮ. ಚರ್ಮದ ಕಾಯಿಲೆ, ಔಷಧಿ ಮಾಡ್ತಿದ್ದೀನಿ. ಅಂಟಲ್ಲ," ಎಂದು ಬ್ರಷ್ಷಿನಿಂದ ಒರೆಸಿದರು. "ಎಲ್ಲಿ, ಕೈ ಎತ್ತಿ."

ಹುಡುಗಿ ಕೈ ಎತ್ತಿದಳು. ಯಜಮಾನಿ ಅಳತೆಯ ಪುಸ್ತಕ ತೆರೆದು, "ಹೇಳಿ ಮಾಸ್ಟರ್, ತೋಳು ಎಷ್ಟು?" ಎಂದಳು.