ವಿಜಯವಾಡದಲ್ಲಿ ನಾನು ಮಾಡಿದ ಬೆರಕೆ

ಟೇಸ್ಟರ್ ಮೇಡಂ ಕಾಫಿ ಹೀರಿದರೆ ಪಕ್ಕದ ಕೋಣೆಗೂ ಕೇಳುತ್ತಿತ್ತು. ಚಮಚವನ್ನು ತುಟಿಗೆ ತಾಗಿಸಿ, ಹಳೇ ಸೀರೆ ಹರಿದಂಥ ಸದ್ದು ಮಾಡಿ ಎಳೆದುಕೊಂಡು, ಕೆನ್ನೆಯೊಳಗೆ ಎರಡು ಸುತ್ತು ಆಡಿಸಿ, ಕೈಲಿದ್ದ ಲೋಟಕ್ಕೆ ಉಗಿದುಬಿಡುತ್ತಿದ್ದರು. ವರ್ಷಗಟ್ಟಲೆ ಬಿಸಿ ತಾಗಿ ಅವರ ಮೇಲ್ತುಟಿಯ ನಡುಭಾಗ ಬಣ್ಣಗೆಟ್ಟಿತ್ತು.

ಹಾಸನದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ರುಚಿ ನೋಡುವುದೇ ಅವರ ಕೆಲಸವಾಗಿತ್ತು. ಗಂಡನಿಗೆ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಾಗ ಅದನ್ನು ಬಿಟ್ಟು ಟೌನ್‌ಶಿಪ್ಪಿಗೆ ಬಂದವರು. ನಾನು ಗದಗಿನವ, ಚಹಾ ಕುಡಿದು ಬೆಳೆದವ. ಬ್ಯಾಂಕಿನ ವರ್ಗಾವಣೆಯ ಮೇಲೆ ಅದೇ ಊರಿನ ದ್ವಾರಕಾ ನಗರದ ಶಾಖೆಗೆ ಬಂದಿದ್ದೆ. ಯಾರದೋ ಮನೆಯ ಗೃಹಪ್ರವೇಶದಲ್ಲಿ ಕನ್ನಡ ಕೇಳಿ ನಾನಾಗಿಯೇ ಮಾತನಾಡಿಸಿದೆ. ಮುಂದಿನ ಭಾನುವಾರದಿಂದ ಅವರ ನೀರು ಕಾಯಿಸುವವ ನಾನೇ ಆದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹತ್ತಿರದ ಅರಕು ಬೆಟ್ಟದಲ್ಲಿ ಒಳ್ಳೆಯ ಕಾಫಿ ಬೆಳೆಯುತ್ತದೆ ಎಂಬುದು ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಬೇಕಿರಲಿಲ್ಲ. ಮೇಡಂ ಮಾತ್ರ ತಿಂಗಳಿಗೊಂದು ಭಾನುವಾರ ಯಾವುದಾದರೂ ಮಹಡಿ, ಯಾವುದಾದರೂ ಸಂಘದ ಕೋಣೆ ಹಿಡಿದು ಜನರನ್ನು ಕೂರಿಸುತ್ತಿದ್ದರು. ಹಾಲಿಲ್ಲ, ಸಕ್ಕರೆಯಿಲ್ಲ, ಚಿಕೋರಿಯಂತೂ ಇಲ್ಲವೇ ಇಲ್ಲ. ಬಂದವರು ಮುಖ ಕಿವುಚಿಕೊಂಡು ಹೋಗುತ್ತಿದ್ದರು. ಹೆಂಗಸರಂತೂ ಮೇಡಂ ಉಗಿಯುವುದನ್ನು ಕಂಡೇ ಎದ್ದುಬಿಡುತ್ತಿದ್ದರು.

"ಮೇಡಂ, ಒಂದ್ ಚಮಚ ಸಕ್ರಿ ಹಾಕಿದ್ರ ಏನ್ ಗಂಟು ಹೋಗ್ತದ್ರೀ? ಮಂದಿ ಕಹಿ ಕುಡ್ಯಂಗಿಲ್ಲ," ಎಂದು ನಾನು ರೇಗುತ್ತಿದ್ದೆ.

"ಕುಡೀದಿದ್ರೆ ಬಿಡ್ಲಿ. ಏನನ್ನ ಬೇಡ ಅಂತಿದೀವಿ ಅಂತಾನಾದ್ರೂ ಗೊತ್ತಾಗುತ್ತಲ್ಲ," ಎನ್ನುತ್ತಿದ್ದರು.

ಇಂಥವರ ಜೊತೆ ವಾದ ಮಾಡುವುದು ಹೇಗೆ? ಪ್ರತಿಸಲ ಇನ್ನು ಬರುವುದಿಲ್ಲ ಎಂದು ನಿರ್ಧರಿಸಿ, ಪ್ರತಿಸಲ ಹೋಗುತ್ತಿದ್ದೆ.

ವಿಜಯವಾಡದ ಕಾರ್ಯಕ್ರಮವನ್ನು ನಾನೇ ಗೊತ್ತುಮಾಡಿದ್ದೆ. ಆಟೋನಗರ್ ಹತ್ತಿರದ ಒಂದು ಸಭಾಂಗಣದಲ್ಲಿ ಅಲ್ಲಿನ ಕನ್ನಡದವರ ಕೂಟ. ಕೂಟದ ಕಾರ್ಯದರ್ಶಿ ಕೊಂಡಪಲ್ಲಿ ಕಡೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅವರನ್ನು ಹಲವು ಸಲ ಕಾಡಿ ಒಪ್ಪಿಸಿದ್ದೆ. ಮೇಡಂ ಈ ಸಲ ಅರಕು ಕಡೆಯಿಂದ ಒಬ್ಬ ಬೆಳೆಗಾರ್ತಿಯನ್ನು ಕರೆತಂದಿದ್ದರು. ಐವತ್ತು ದಾಟಿದ ಗಿರಿಜನ ಹೆಂಗಸು. ಹತ್ತಾರು ವರ್ಷ ಹಣ್ಣು ಬಿಡಿಸಿ, ಒಣಗಿಸಿ, ದಲ್ಲಾಳಿಗೆ ಹಾಕಿದವಳು ತನ್ನ ಗಿಡದ ಕಾಫಿಯನ್ನು ಒಮ್ಮೆಯೂ ಕುಡಿದಿರಲಿಲ್ಲ. ಹಿಂದಿನ ದಿನ ಅವಳ ಎದುರಿಗೇ ಮೇಡಂ ಬೀಜ ಹುರಿದು ಪುಡಿ ಮಾಡಿ, ಅವಳ ಮೂಗಿಗೆ ಹಿಡಿದಿದ್ದರು. "ಮೊದಲ ಗುಟುಕು ಎಲ್ಲರ ಮುಂದೆ ಕುಡೀಲಿ," ಎಂದಿದ್ದರು.

ಮೊದಲ ಸುತ್ತಿನ ಲೋಟಗಳನ್ನು ನಾನೇ ಹಂಚಿದೆ. ಒಬ್ಬ ಹಿರಿಯರು, "ಏನಯ್ಯಾ, ಜ್ವರಕ್ಕೆ ಕೊಡೋ ಕಷಾಯಾನಾ?" ಎಂದರು. ಎಲ್ಲರೂ ನಕ್ಕರು. ಕೈತೊಳೆಯುವ ಬೇಸಿನ್ ತುಂಬ ಕಪ್ಪು ನೀರು. ನನ್ನ ಬ್ಯಾಂಕಿನ ವಿಜಯವಾಡ ಶಾಖೆಯವರೇ ನಾಲ್ಕು ಜನ ಬಂದಿದ್ದರು. ಅವರ ಮುಖ ನೋಡಲಾಗಲಿಲ್ಲ. ಬೆಳೆಗಾರ್ತಿ ಮೂಲೆಯ ಕುರ್ಚಿಯಲ್ಲಿ ಕೂತು, ಜನ ತನ್ನ ಕಾಫಿ ಚೆಲ್ಲುವುದನ್ನು ನೋಡುತ್ತಿದ್ದಳು.

ಅಡುಗೆಕೋಣೆಯಲ್ಲಿ ಕೂಟದವರ ಅಂಗಡಿ ಪುಡಿಯ ಪೊಟ್ಟಣವಿತ್ತು, ಚಿಕೋರಿ ಬೆರೆಸಿದ್ದು. ಬಾಗಿಲು ಹಾಕಿಕೊಂಡು, ಎರಡನೇ ಸುತ್ತಿಗೆ ಅರ್ಧಕ್ಕಿಂತ ಹೆಚ್ಚು ಅದನ್ನೇ ಸುರಿದೆ. ಸಕ್ಕರೆಯನ್ನೂ ಹಾಕಿದೆ. ಆ ಹೆಂಗಸಿಗಾಗಿ ಹಾಗೆ ಮಾಡಿದೆನೆಂದು ಆಗ ನನಗೆ ನಾನೇ ಹೇಳಿಕೊಂಡೆ.

ಕುಡಿದವರೆಲ್ಲ ಚಪ್ಪಾಳೆ ತಟ್ಟಿದರು. "ಹಾಂ, ಇದಂಡಿ ಕಾಫಿ ಅಂದ್ರೆ!" ಎಂದ ಕಾರ್ಯದರ್ಶಿ ಬೆಳೆಗಾರ್ತಿಯನ್ನು ವೇದಿಕೆಗೆ ಕರೆದು ಕೈಗೆ ಲೋಟ ಕೊಟ್ಟರು. ಅವಳು ಕುಡಿಯಲಿಲ್ಲ. ಮೂಸಿ ನೋಡಿ, ಮೇಡಂ ಕಡೆ ತಿರುಗಿ ಮೆಲ್ಲಗೆ, "ಇದಿ ಮಾದಿ ಕಾದಮ್ಮಾ," ಎಂದಳು. ಇದು ನಮ್ಮದಲ್ಲ.

ಮೇಡಂ ಅಡುಗೆಕೋಣೆಗೆ ಬಂದು ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. ಹೋಗಿ ಮೈಕ್ ಹಿಡಿದರು. "ಪುಡಿ ಅದಲುಬದಲಾಗಿದೆ. ತಪ್ಪು ನನ್ನದು. ನೀವು ಈಗ ಚಪ್ಪಾಳೆ ಹೊಡೆದಿದ್ದು ಇವರ ಕಾಫಿಗಲ್ಲ. ಇವರದ್ದು ನೀವು ಆಗ ಚೆಲ್ಲಿದ್ರಲ್ಲ, ಅದು."

ಸಭೆ ಗುಜುಗುಜು ಎಂದಿತು. ಕಾರ್ಯದರ್ಶಿಗೆ ಅವಮಾನವಾಗಿತ್ತು. ಇನ್ನು ಮೇಲೆ ಇಂಥದ್ದಕ್ಕೆ ಹಾಲ್ ಕೊಡುವುದಿಲ್ಲ ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ.

ವಾಪಸ್ ರೈಲಿನಲ್ಲಿ ವಿಶಾಖಪಟ್ಟಣದವರೆಗೂ ಮೇಡಂ ಬೆಳೆಗಾರ್ತಿಯ ಪಕ್ಕದಲ್ಲೇ ಕೂತು ಅವಳ ಗಿಡಗಳ ಬಗ್ಗೆ ಕೇಳುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಳಿಯುವಾಗ, "ಭಾನುವಾರ ಇವರ ಊರಿಗೆ ಹೋಗ್ಬೇಕು. ನೀನೂ ಬಾ," ಎಂದರು ಅಷ್ಟೇ.

ಹೋದೆವು. ಆ ಹೆಂಗಸಿನ ಮನೆಯ ಒಲೆಯ ಮೇಲೆಯೇ ಮೇಡಂ ನೀರು ಕಾಯಿಸಿ, ಅವಳದೇ ಕಾಫಿ ಮಾಡಿ ಕೊಟ್ಟರು. ಅವಳು ಒಂದು ಗುಟುಕು ಕುಡಿದಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು. "ಚೇದು," ಎಂದಳು, ಕಹಿ. "ಬೆಲ್ಲಂ ವೇಯಮ್ಮಾ."

ಮೇಡಂ ನಗುತ್ತಾ ದೊಡ್ಡ ಉಂಡೆ ಬೆಲ್ಲವನ್ನೇ ಹಾಕಿ ಕದಡಿದರು. ನನಗೆ ಮೈ ಉರಿಯಿತು. ಹೊರಗೆ ಬಂದೊಡನೆ ಕೇಳಿಯೇಬಿಟ್ಟೆ: "ಇಕಿಗೆ ಬೆಲ್ಲ ಹಾಕ್ತೀರಿ, ನಾ ಸಕ್ರಿ ಹಾಕಿದ್ದು ಅಷ್ಟ್ ದೊಡ್ಡ ತಪ್ಪಾತೇನ್ರಿ?"

"ಬೆಲ್ಲ ಬೇಕು ಅಂತ ಅವಳೇ ಕೇಳಿದ್ಲು ಕಣಪ್ಪ, ನಾನು ಅವಳ ಕಣ್ಣೆದುರಿಗೇ ಹಾಕ್ದೆ," ಎಂದರು. "ನೀನು ಬಾಗಿಲು ಹಾಕ್ಕೊಂಡು ಹಾಕ್ದೆ."

ಆಮೇಲೆಯೂ ಅವರ ಭಾನುವಾರಗಳು ನಡೆದವು. ವಿಜಯವಾಡದ ಕಥೆ ಮಾತ್ರ ಎಲ್ಲ ಕಡೆ ಹಬ್ಬಿತ್ತು. ಮೇಡಂಗೆ ವಯಸ್ಸಾಯಿತು, ಪುಡಿ ಯಾವುದೆಂದೇ ತಿಳಿಯುವುದಿಲ್ಲ ಎಂದು ಜನ ನನ್ನೆದುರಿಗೇ ಆಡಿಕೊಂಡರು. ರುಚಿಯನ್ನೇ ನಂಬಿ ಬದುಕಿದವರ ಬಗ್ಗೆ ಆಡುವ ಮಾತೇ ಅದು? ಅವರು ಕೇಳಿಸಿಕೊಂಡೂ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ನಾಲ್ಕು ವರ್ಷ.

ನನಗೆ ವಿಜಯವಾಡಕ್ಕೇ ವರ್ಗವಾದ ಮೇಲೆ, ಒಂದು ಬೆಳಿಗ್ಗೆ ಅವರ ಗಂಡ ಫೋನ್ ಮಾಡಿದರು. ಮೂರು ದಿನದ ಜ್ವರದಲ್ಲಿ ಮೇಡಂ ಹೋಗಿಬಿಟ್ಟಿದ್ದರು. ಅದೇ ಕೂಟದವರು ಅದೇ ಹಾಲ್‌ನಲ್ಲಿ ಸಂತಾಪ ಸಭೆ ಇಟ್ಟರು. ಅಲ್ಲಿಯೂ ಯಾರೋ ಪ್ರೀತಿಯಿಂದಲೇ, "ಪಾಪ, ಪುಡಿ ಅದಲುಬದಲು ಮಾಡ್ಕೊಂಡಿದ್ರಲ್ಲ," ಎಂದರು. ನಾನು ಎದ್ದುನಿಂತೆ. ಪೊಟ್ಟಣ ಒಡೆದದ್ದು, ಸುರಿದದ್ದು, ಬಾಗಿಲ ಹಿಂದೆ ನಿಂತದ್ದು, ಎಲ್ಲ ಹೇಳಿದೆ.

ಕಾರ್ಯದರ್ಶಿ ನನ್ನ ಭುಜ ತಟ್ಟಿ ಕೂರಿಸಿದರು. "ಪೋನೀಲೆಂಡಿ, ಹೋಗ್ಲಿ ಬಿಡಿ. ಹಳೇದು. ಈಗ ಯಾಕೆ ಹೇಳ್ತೀರಾ?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಹೇಳಬೇಕಿದ್ದದ್ದು ನಾಲ್ಕು ವರ್ಷದ ಹಿಂದೆ, ಮೇಡಂ ಮೈಕ್ ಹಿಡಿದು ನಿಂತಿದ್ದಾಗ.